ಮನೆ ಮರ್ಯಾದೆಯ ಅರ್ಜಿ

ಆ ಬೀದಿಯಲ್ಲಿ ಇಸ್ತ್ರಿಯಮ್ಮ ಹತ್ತದ ಮೆಟ್ಟಿಲಿಲ್ಲ, ಬಡಿಯದ ಬಾಗಿಲಿಲ್ಲ. ಬೆಳಿಗ್ಗೆ ಮುದುರಿದ ಬಟ್ಟೆ ಹೊತ್ತುಕೊಂಡು ಹೋಗುವವಳು ಅವಳೇ, ಸಂಜೆ ಅದನ್ನೇ ಮಡಿಕೆ ಕೆಡದ ಹಾಗೆ ಎದೆಗವಚಿಕೊಂಡು ತಂದು ಕೊಡುವವಳೂ ಅವಳೇ. ಗಂಡ ತೀರಿಕೊಂಡಾಗ ಅವಳಿಗೆ ಉಳಿದದ್ದು ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಅಂಗಡಿ, ಕಂಬಳಿ ಹಾಸಿದ ಮೇಜು, ಕೆಂಡ ತುಂಬುವ ಇಸ್ತ್ರಿ ಪೆಟ್ಟಿಗೆ ಮತ್ತು ಶಾಲೆಗೆ ಹೋಗುವ ಒಬ್ಬಳು ಮಗಳು. ಅಷ್ಟನ್ನೇ ನೆಚ್ಚಿಕೊಂಡು ಯಾರ ಮುಂದೆಯೂ ಕೈಚಾಚದೆ ಬದುಕಿದ ಹೆಂಗಸು. ಒಂದೇ ಒಂದು ದೋಷವೆಂದರೆ ಬಾಯಿ. ಎದುರಿಗೆ ಯಾರೂ ಇಲ್ಲದಿದ್ದರೆ ಪೆಟ್ಟಿಗೆಯೊಳಗಿನ ಕೆಂಡದ ಜೊತೆಯಾದರೂ ಮಾತಾಡಿಯಾಳು.

ಅವಳ ಕೆಲಸದ ರೀತಿಯೇ ಬೇರೆ. ಚೀಟಿ ಅಂಟಿಸುವುದು, ಗುರುತು ಹಾಕುವುದು ಒಂದೂ ಇಲ್ಲ. ಒಂದು ಮನೆಗೆ ಒಂದು ಗಂಟು, ಅಷ್ಟೇ. ಗಂಟು ಬಿಚ್ಚಿ ಬಟ್ಟೆಗಳನ್ನೆಲ್ಲ ರಾಶಿ ಹಾಕಿದರೂ ಯಾವ ಅಂಗಿ ಯಾರದ್ದು, ಅವನು ಯಾವ ಮಹಡಿಯವನು ಎಂದು ಮುಟ್ಟಿ ನೋಡಿ ಹೇಳುವಳು. ಯಾರ ಸೊಂಟ ದಪ್ಪವಾಯಿತು, ಯಾರಿಗೆ ಹೊಸ ಕೆಲಸ ಸಿಕ್ಕಿತು, ಯಾವ ಗಂಡಹೆಂಡಿರ ನಡುವೆ ಗುಂಡಿ ಕಿತ್ತುಬರುವಷ್ಟು ಜಗಳವಾಯಿತು, ಎಲ್ಲ ಗೊತ್ತು. ಕೇಳಿದವರಿಗೆ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಜನ ನಗುತ್ತಿದ್ದರು. ಆಗಿನ್ನೂ ಅದು ನಗುವ ವಿಷಯವೇ ಆಗಿತ್ತು.

ಬೀದಿಯ ಕೊನೆಯಲ್ಲಿ, ಎರಡನೇ ಮಹಡಿಯಲ್ಲಿ, ಅವಳ ಅಕ್ಕನ ಮನೆ. ಅಕ್ಕನ ಜೊತೆ ಗಡಿಯಾರ ರಿಪೇರಿ ಮಾಡುವ ಒಬ್ಬರಿದ್ದರು. ಅವರ ಮೊದಲ ಹೆಂಡತಿ ಮದುವೆಯಾದ ಹೊಸದರಲ್ಲೇ ಮನೆ ಬಿಟ್ಟು ಹೋದವಳು. ತಿರುಗಿ ಬರಲೂ ಇಲ್ಲ, ಬಿಡುಗಡೆ ಕೊಡಲೂ ಇಲ್ಲ, ಎಲ್ಲಿದ್ದಾಳೆಂಬ ಸುಳಿವೂ ಇಲ್ಲ. ಹಾಗಾಗಿ ಅಕ್ಕನನ್ನು ಕಾನೂನಿನ ಪ್ರಕಾರ ಮದುವೆಯಾಗುವುದು ಅವರಿಂದ ಆಗಲಿಲ್ಲ. ಇಬ್ಬರೂ ಸುಮ್ಮನೆ ಒಟ್ಟಿಗೆ ಇದ್ದುಬಿಟ್ಟರು, ತಲೆ ನರೆಯುವವರೆಗೂ. ಇಸ್ತ್ರಿಯಮ್ಮ ಮೊದಲ ದಿನದಿಂದಲೇ ಅವರನ್ನು ಭಾವ ಎಂದು ಕರೆದಳು. ಅವಳ ಬಾಯಿ ಕೇಳಿ ಇಡೀ ಬೀದಿಯೇ ಗಡಿಯಾರದ ಭಾವ ಎಂದು ಕರೆಯತೊಡಗಿತು. ಇವಳ ಗಂಡ ಸತ್ತ ವರ್ಷ ಮಗುವಿಗೆ ಹೊತ್ತುಹೊತ್ತಿಗೆ ಅನ್ನ ಹಾಕಿದ್ದು ಅಕ್ಕ, ಹೆಗಲ ಮೇಲೆ ಹೊತ್ತು ತಿರುಗಿದ್ದು ಭಾವ. ಆ ಹೆಗಲಿನ ಮನುಷ್ಯನ ಎದೆ ಮಾತ್ರ ಗಟ್ಟಿಯಿರಲಿಲ್ಲ. ಉಸಿರು ಕಟ್ಟಿತೆಂದರೆ ನಾಲಿಗೆಯ ಕೆಳಗೆ ಮಾತ್ರೆ ಇಟ್ಟು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಬೇಕು. ಅವರು ಬಾಯಿ ಬಿಡುವ ಮೊದಲೇ ಅಕ್ಕನಿಗೆ ತಿಳಿಯುತ್ತಿತ್ತು.

ಇನ್ನು ಲಾಡ್ಜಿನ ವಿಷಯ. ಇಸ್ತ್ರಿ ಅಂಗಡಿಯ ಎದುರಿಗೇ ಮೂರು ಮಹಡಿಯ ಲಾಡ್ಜು. ಹೊತ್ತು ಇಳಿದರೆ ಅಲ್ಲಿ ಯಾವ್ಯಾವುದೋ ಗಾಡಿಗಳು ಬಂದು ನಿಲ್ಲುತ್ತಿದ್ದವು. ಮೇಲಿನ ಕಿಟಕಿಗಳಲ್ಲಿ ಎಳೆ ಮುಖದ ಹುಡುಗಿಯರು ಒಂದು ಸಲ ಕಾಣಿಸಿದರೆ ಇನ್ನೊಂದು ಸಲ ಕಾಣಿಸುತ್ತಿರಲಿಲ್ಲ. ಬೀದಿಯವರೆಲ್ಲ ನೋಡಿಯೂ ನೋಡದ ಹಾಗಿದ್ದರು. ಒಂದು ಸಂಜೆ ಅಲ್ಲಿಂದ ಇಳಿದು ಬಂದವನೊಬ್ಬ ಶಾಲೆಯಿಂದ ಬರುತ್ತಿದ್ದ ಇಸ್ತ್ರಿಯಮ್ಮನ ಮಗಳ ಕೈ ಹಿಡಿದು ಮೇಲೆ ನಡಿ ಎಂದ. ಇವಳು ಕಾದ ಪೆಟ್ಟಿಗೆಯನ್ನೇ ಎತ್ತಿಕೊಂಡು ಓಡಿದಳು. ಅವನು ಕಾಲಿಗೆ ಬುದ್ಧಿ ಹೇಳಿದ. ಮಗಳು ಅಂಗಡಿಯ ಮೂಲೆಯಲ್ಲಿ ಗಂಟುಗಳ ಹಿಂದೆ ಹೋಗಿ ಕೂತವಳು ಕತ್ತಲಾದರೂ ಹೊರಗೆ ಬರಲಿಲ್ಲ. ಪೊಲೀಸರ ಬಳಿ ಹೋದರೆ, ಲಾಡ್ಜು ಮುಚ್ಚಿಸುವುದಕ್ಕೆ ಕಾನೂನಿಲ್ಲ ತಾಯಿ ಎಂದು ಕೈತೊಳೆದುಕೊಂಡರು. ಆ ಮಾತು ಅವಳ ಮನಸ್ಸಿಗೆ ನಾಟಿತು. ಕಾನೂನಿಲ್ಲವಾದರೆ ಮಾಡಿಸೋಣ ಎಂದು ನೇರವಾಗಿ ಮೇಷ್ಟ್ರ ಮನೆಗೆ ಹೋದಳು.

ಮೇಷ್ಟ್ರು ಕೆಲಸದಿಂದ ನಿವೃತ್ತರಾದವರು, ಬೀದಿಯಲ್ಲಿ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ಯಾರ ಮೇಲೂ ದನಿಯೆತ್ತಿದವರಲ್ಲ. ಕೆಟ್ಟವರೆಂದುಕೊಂಡೀರಿ ಮತ್ತೆ! ಕೆಟ್ಟವರಾಗಿದ್ದರೆ ಈ ಕಥೆ ಇಷ್ಟು ದೂರ ಬರುತ್ತಿರಲಿಲ್ಲ. ಹುಡುಗಿಗೆ ಆದದ್ದನ್ನು ಕೇಳಿ ಅವರ ಕಣ್ಣು ತುಂಬಿದವು. ಕೂತಲ್ಲೇ ಅರ್ಜಿ ಬರೆದರು, ಇವಳನ್ನೂ ಕರೆದುಕೊಂಡು ಶಾಸಕರ ಮನೆಯ ಜಗುಲಿಯಲ್ಲಿ ಕಾದರು. ಶಾಸಕರು ಓದಿ ನಕ್ಕರು. ಒಂದು ಲಾಡ್ಜಿಗೋಸ್ಕರ ಯಾರಾದರೂ ಕಾನೂನು ಮಾಡುತ್ತಾರೆಯೇ, ಇಡೀ ನಾಡಿಗೆ ಅನ್ವಯವಾಗುವ ಹಾಗೆ ಬರೆದುಕೊಂಡು ಬನ್ನಿ, ಸಹಿ ರಾಶಿ ರಾಶಿ ಇರಲಿ, ಜನ ಎದ್ದಿದ್ದಾರೆ ಅನ್ನಿಸಬೇಕು ಎಂದರು.

ಮೇಷ್ಟ್ರು ಎರಡನೇ ಸಲ ಬರೆದದ್ದು ಬೇರೆಯದೇ ಅರ್ಜಿ. ಅದರಲ್ಲಿ ಲಾಡ್ಜಿನ ಮಾತು ಎಲ್ಲೋ ಮೂಲೆಗೆ ಸರಿದಿತ್ತು. ವಿವಾಹಬಂಧನವಿಲ್ಲದ ಸ್ತ್ರೀಪುರುಷರು ಒಂದೇ ಸೂರಿನಡಿ ವಾಸಿಸತಕ್ಕದ್ದಲ್ಲ, ಪ್ರತಿ ಬೀದಿಯಲ್ಲೂ ಒಂದು ಸಮಿತಿಯು ಇದನ್ನು ನೋಡಿಕೊಳ್ಳತಕ್ಕದ್ದು ಎಂದೆಲ್ಲ ಇತ್ತು. ಇಸ್ತ್ರಿಯಮ್ಮನ ಮುಂದೆ ಗಟ್ಟಿಯಾಗಿ ಓದಿದರು. ಕೇಳಲು ಚೆನ್ನಾಗಿತ್ತು. ಅವಳಿಗೆ ಒಂದೊಂದು ಸಾಲಿಗೂ ಎದುರಿನ ಲಾಡ್ಜೇ ಕಣ್ಣಮುಂದೆ ಬಂತು, ಬೇರೇನೂ ಬರಲಿಲ್ಲ.

ಸಹಿ ಹಾಕಿಸಲು ಅವಳನ್ನು ಬಿಟ್ಟರೆ ಇನ್ಯಾರು? ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ಹಾಳೆ. ಮೊದಲು ಸಹಿ, ಆಮೇಲೆ ಬಟ್ಟೆ. ಓದಿ ನೋಡುತ್ತೇನೆ, ಇಟ್ಟು ಹೋಗು ಎಂದವರ ಗಂಟು ಮರುದಿನವೂ ಸಿದ್ಧವಾಗುತ್ತಿರಲಿಲ್ಲ, ಅದರ ಮರುದಿನವೂ ಇಲ್ಲ. ಕೆಲಸಕ್ಕೆ ಹೋಗಲು ಅಂಗಿಯಿಲ್ಲದೆ ಬನಿಯನ್ನಿನಲ್ಲಿ ಓಡಿಬಂದು ಸಹಿ ಹಾಕಿದ ಮಹಾನುಭಾವರೂ ಇದ್ದರು. ಆಸ್ಪತ್ರೆಯ ನರ್ಸಮ್ಮ ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ನಗುತ್ತಾ ಗೀಚಿದಳು. ಇಸ್ತ್ರಿಯಮ್ಮ ತಮಾಷೆಗೇ ಮಾಡಿದಳು ಅದನ್ನೆಲ್ಲ. ಆದರೆ ಹಾಳೆ ತುಂಬುತ್ತಾ ಹೋದ ಹಾಗೆ ಅವಳ ನಡಿಗೆಯಲ್ಲಿ ಏನೋ ಒಂದು ಗತ್ತು ಬಂತು, ಅದು ತಮಾಷೆಯದಾಗಿರಲಿಲ್ಲ.

ಕೊನೆಗೆ ಉಳಿದದ್ದು ಅಕ್ಕನ ಮನೆ. ಅಕ್ಕ ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಮೊದಲಿಂದ ಕೊನೆಯವರೆಗೆ ಓದಿದಳು. ಓದಿ ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಇದರಲ್ಲಿ ಏನಿದೆ ಅಂತ ಗೊತ್ತಾ ನಿಂಗೆ?"

"ಮೇಷ್ಟ್ರು ಓದಿ ಹೇಳಿದ್ರು."

"ಅವರು ಅವರಿಗೋಸ್ಕರ ಓದಿದ್ದು. ನೀನು ನಮಗೋಸ್ಕರ ಒಂದ್ಸಲ ಓದು. ನಾವು ಏನು ಅಂತ ನಿಂಗೆ ನೆನಪಿದೆ ತಾನೇ?"

ಇಸ್ತ್ರಿಯಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದಾಗ ನಗು ಬಂತು. ನಿಮ್ಮನ್ನು ಯಾರು ಕೇಳುತ್ತಾರೆ ಅಕ್ಕ, ಇದು ಅಂಥವರಿಗೆ, ನಮ್ಮಂಥವರಿಗಲ್ಲ ಎಂದಳು. ಅಂಥವರು ಅಂದರೆ ಯಾರು ಅಂತ ಇದರಲ್ಲಿ ಎಲ್ಲಿ ಬರೆದಿದೆ ತೋರಿಸು ಎಂದು ಅಕ್ಕ ಕೇಳಿದಳು. ಮಾತಿಗೆ ಮಾತು ಬೆಳೆಯಿತು. ಕೈ ಹಿಡಿದು ಎಳೆಸಿಕೊಂಡ ಮಗಳಿಗಿಂತ ನಿನಗೆ ನಿನ್ನ ಮನೆಯೇ ಹೆಚ್ಚಾಯಿತೇ ಎಂದುಬಿಟ್ಟಳು ತಂಗಿ. ಅಕ್ಕನ ಮುಖ ಸಪ್ಪಗಾಯಿತು. ಆಗ ಭಾವ, ಪಾಪ, ಜಗಳವೆಂದರೆ ಆಗದ ಮನುಷ್ಯ, ಜೇಬಿನಿಂದ ಪೆನ್ನು ತೆಗೆದರು.

"ನಮ್ಮ ಮಗು ಮೇಲೆ ಕೈ ಹಾಕಿದಾರಲ್ಲ. ಹಾಕೋಣ ಬಿಡು" ಎಂದು ತಾವೇ ಸಹಿ ಹಾಕಿದರು. ಅಕ್ಕ ಎದ್ದು ಒಳಗೆ ಹೋದಳು.

ಆಮೇಲೆ ಎಲ್ಲ ಸರಸರನೆ ನಡೆಯಿತು. ಬೇರೆ ಬೇರೆ ಬೀದಿಗಳಿಂದ, ಬೇರೆ ಬೇರೆ ಊರುಗಳಿಂದ ಅಂಥದೇ ಹಾಳೆಗಳು ಬಂದವು. ಶಾಸನಸಭೆಯ ಉದ್ದನೆಯ ಮೊಗಸಾಲೆಯಲ್ಲಿ ಇಸ್ತ್ರಿಯಮ್ಮ ಮೇಷ್ಟ್ರ ಪಕ್ಕ ಬೆಂಚಿನ ಮೇಲೆ ಕೂತಳು. ಒಳಗೆ ಯಾರೋ ಮಾತಾಡುತ್ತಿದ್ದರು, ಏನೆಂದು ಕೇಳಿಸುತ್ತಿರಲಿಲ್ಲ, ನಡುನಡುವೆ ಮೇಜು ಕುಟ್ಟುವ ಸದ್ದು ಮಾತ್ರ ಬರುತ್ತಿತ್ತು. ಹೊರಗೆ ಬಂದ ಶಾಸಕರು ಅವಳನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿ, ಈ ತಾಯಿಯ ಕೂಗಿಗೆ ಸಭೆ ಓಗೊಟ್ಟಿದೆ ಎಂದರು. ಹೆಸರೂ ಚೆನ್ನಾಗಿಯೇ ಇತ್ತು, ಮನೆ ಮರ್ಯಾದೆ ಕಾಯ್ದೆ. ಅರ್ಜಿಯಲ್ಲಿ ಇಲ್ಲದ ಒಂದೇ ಒಂದು ವಿಷಯ ಅದರಲ್ಲಿ ಸೇರಿತ್ತು, ಜೈಲು.

ಲಾಡ್ಜು ಏನಾಯಿತು ಎಂದು ಕೇಳುತ್ತೀರಿ. ಲಾಡ್ಜಿಗೇನಾದೀತು? ಮಾಲೀಕ ಹಳೇ ಹಲಗೆ ಇಳಿಸಿ ಕುಟುಂಬ ವಸತಿ ಗೃಹ ಎಂಬ ಹೊಸ ಹಲಗೆ ಹಾಕಿದ. ಬಂದವರನ್ನೆಲ್ಲ ಗಂಡಹೆಂಡತಿ ಎಂದು ಬರೆದುಕೊಂಡ. ಗಾಡಿಗಳು ಬರುವುದು ನಿಲ್ಲಲಿಲ್ಲ.

ಬೀದಿಯ ಸಮಿತಿಗೆ ಮೇಷ್ಟ್ರೇ ಮುಖ್ಯಸ್ಥರು. ಮೊದಲು ಅರ್ಜಿ ಕೊಟ್ಟವಳೆಂದು ಇಸ್ತ್ರಿಯಮ್ಮನಿಗೂ ಒಂದು ತಗಡಿನ ಬಿಲ್ಲೆ ಸಿಕ್ಕಿತು. ಸಮಿತಿಗೆ ಕೂರಲು ಜಾಗವಿಲ್ಲದ್ದಕ್ಕೆ ಅವಳ ಅಂಗಡಿಯ ಬೆಂಚಿನ ಮೇಲೇ ಕೂರುತ್ತಿತ್ತು. ಒಂದು ದಿನ ಮಾತಿನ ನಡುವೆ ಮೇಷ್ಟ್ರು ಕಪಾಟಿನತ್ತ ಕೈತೋರಿಸಿ, ನರ್ಸಮ್ಮನ ಗಂಟು ಒಬ್ಬಳದ್ದಕ್ಕೆ ದಪ್ಪವಾಯಿತಲ್ಲವೇ ಎಂದು ಸುಮ್ಮನೆ ಕೇಳಿದರು. ಅಂಗಿ ಹಿಡಿದು ಯಾರದೆಂದು ಹೇಳುವುದು ಅವಳಿಗೆ ಇಷ್ಟದ ಆಟ. ಕೇಳಿದ್ದೇ ತಡ, ಗಂಟು ಬಿಚ್ಚಿ ನಾಲ್ಕು ಅಂಗಿ ಎಳೆದು ಮೇಜಿನ ಮೇಲೆ ಹರಡಿ, ಇವು ಮೇಲಿನ ಮನೆಯ ಗುಮಾಸ್ತನವು, ಎಡ ತೋಳಿನ ತುದಿಗೆ ಶಾಯಿ ಹತ್ತಿರುತ್ತದೆ ನೋಡಿ, ಬೇಸಿಗೆಯಿಂದ ಇವಳ ಗಂಟಿನಲ್ಲೇ ಬರುತ್ತಿವೆ ಎಂದು ಗಡಗಡ ಹೇಳಿಬಿಟ್ಟಳು. ಹೇಳಿ ಮುಗಿಸಿದ ಮೇಲೆ ಬೆಂಚಿನ ಮೇಲೆ ಯಾರೂ ನಗಲಿಲ್ಲ. ಅವಳು ನಾಲಿಗೆ ಕಚ್ಚಿಕೊಂಡಳು. ಮೇಷ್ಟ್ರು, ಒಳ್ಳೆಯದಮ್ಮ, ಎಂದು ಎದ್ದರು.

ಆ ವಾರವೇ ನರ್ಸಮ್ಮನ ಸಾಮಾನು ಬೀದಿಯಲ್ಲಿತ್ತು. ಗುಮಾಸ್ತನನ್ನು ಕರೆದುಕೊಂಡು ಹೋದವರು ಮತ್ತೆ ಬಿಡಲಿಲ್ಲ. ನರ್ಸಮ್ಮ ತನ್ನ ಗಂಟು ಕೇಳಲು ಬಂದವಳು ಇವಳನ್ನು ಬೈಯಲಿಲ್ಲ, ಅದೇ ಇವಳಿಗೆ ತಡೆಯಲಾಗದೆ ಹೋಯಿತು. ಗಂಟು ತೆಗೆದುಕೊಂಡು, ಅಂಗಡಿಯಲ್ಲಿದ್ದ ಉಳಿದ ಗಂಟುಗಳನ್ನೆಲ್ಲ ಒಂದು ಸುತ್ತು ನೋಡಿ, ಹೊರಟುಹೋದಳು. ಅಂದಿನಿಂದ ಬೀದಿಯ ಜನ ಇಸ್ತ್ರಿಯಮ್ಮನಿಗೆ ಬಟ್ಟೆ ಕೊಡುವಾಗ ಬಾಗಿಲು ಅರ್ಧವೇ ತೆರೆಯತೊಡಗಿದರು. ಒಳಗೆ ಪಿಸುಮಾತು, ಇವಳ ಹೆಜ್ಜೆ ಸದ್ದಿಗೆ ಅದೂ ನಿಲ್ಲುತ್ತಿತ್ತು. ಮೊದಲ ಸಲ ಅವಳು ಬಾಯಿ ಮುಚ್ಚಿಕೊಂಡು ಕೆಲಸ ಮಾಡಿದಳು.

ಆಗಲೇ ಅವಳು ಅಕ್ಕನ ಮನೆಯ ಗಂಟನ್ನು ಬೇರೆ ಗಂಟುಗಳ ಹಿಂದೆ ಬಚ್ಚಿಡಲು ಶುರುಮಾಡಿದ್ದು. ಅವಳು ಅಂದುಕೊಂಡದ್ದೇ ಆಯಿತು. ಯಾರೋ ದೂರು ಕೊಟ್ಟರು. ನರ್ಸಮ್ಮನಿಗೆ ಒಂದು ಕಾನೂನು, ಸಮಿತಿಯವಳ ಅಕ್ಕನಿಗೆ ಇನ್ನೊಂದೇ ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿದೆ ಹೇಳಿ. ಮೇಷ್ಟ್ರು ಅಂಗಡಿಗೆ ಬಂದು ಬಹಳ ಬೇಜಾರಿನಿಂದಲೇ ವಿಷಯ ತಿಳಿಸಿದರು. ಅವರಿಬ್ಬರೂ ಗಂಡಹೆಂಡತಿ ಎನ್ನುವುದಕ್ಕೆ ಏನಾದರೂ ಇದ್ದರೆ ತೋರಿಸಿಬಿಡಲಿ, ಇಲ್ಲವಾದರೆ ಅವರಿಬ್ಬರಿಗೂ ಏನೂ ಸಂಬಂಧವಿಲ್ಲ ಎಂದು ಸಮಿತಿಯ ಒಬ್ಬರು ಪ್ರಮಾಣ ಮಾಡಿ ಹೇಳಬೇಕು, ಅದನ್ನು ನೀನೇ ಹೇಳಿದರೆ ಯಾರೂ ಎದುರಾಡುವುದಿಲ್ಲ ಎಂದರು.

ಭಾವ ಆ ಸಂಜೆಯೇ ಒಂದು ಬಟ್ಟೆಯ ಪೆಟ್ಟಿಗೆ ಹಿಡಿದುಕೊಂಡು ತಮ್ಮ ಗಡಿಯಾರದ ಅಂಗಡಿಯ ಹಿಂದಿನ ಕೋಣೆಗೆ ಹೋದರು. ಕೋಣೆಯೆಂದರೆ ಒಂದು ಮಂಚ ಹಾಕಿದರೆ ಕಾಲಿಡಲೂ ಎಡೆಯಿಲ್ಲದ ಗೂಡು. ಅಕ್ಕ ಮಾತ್ರೆಯ ಡಬ್ಬಿಯನ್ನು ಅವರ ಅಂಗಿಯ ಜೇಬಿಗೆ ಹಾಕಿ, ದಿಂಬಿನ ಪಕ್ಕವೇ ಇಟ್ಟುಕೊಳ್ಳಿ, ಎದ್ದು ಹುಡುಕುವ ಹಾಗಾಗಬಾರದು ಎಂದು ಮೂರು ಮೂರು ಸಲ ಹೇಳಿದಳು. ತಂಗಿ ಬಾಗಿಲಲ್ಲಿ ನಿಂತಿದ್ದಳು. ಅಕ್ಕ ಅವಳಿಗೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಪ್ರಮಾಣ ಮಾಡಲು ಹೋದ ಕಚೇರಿಯಲ್ಲಿ ಅಧಿಕಾರಿ ಕೇಳಿದ ಪ್ರಶ್ನೆ ಒಂದೇ. ಬೀದಿಯಲ್ಲಿ ಎಲ್ಲರೂ ಇವರನ್ನು ಭಾವ ಅನ್ನುತ್ತಾರಲ್ಲ, ನಿನಗೆ ಭಾವ ಎಂದರೆ ನಿನ್ನ ಅಕ್ಕನಿಗೆ ಏನಾಗಬೇಕು ಎಂದ. ಅವಳು ಉತ್ತರ ಹೇಳುವ ಮೊದಲು ಇನ್ನೊಂದು ಮಾತನ್ನೂ ಸೇರಿಸಿದ. ಹೇಳಿದ್ದು ಸುಳ್ಳೆಂದಾದರೆ ಹೇಳಿದವರೂ ಜೈಲಿಗೆ, ಸುಳ್ಳಿನ ನೆರಳಲ್ಲಿ ಕೂತವರೂ ಜೈಲಿಗೆ, ಹೇಳಿದವರ ಮಕ್ಕಳು ಸರ್ಕಾರದ ಆಶ್ರಯಕ್ಕೆ. ಇಸ್ತ್ರಿಯಮ್ಮ ಇಬ್ಬರ ಕಡೆಗೂ ತಿರುಗಿ ನೋಡಿದಳು. ಭಾವ ಎದುರಿನ ಕುರ್ಚಿಯಲ್ಲಿ ತಲೆತಗ್ಗಿಸಿ ಕೂತಿದ್ದರು. ಅಕ್ಕ ಗೋಡೆ ನೋಡುತ್ತಿದ್ದಳು.

"ಬಾಯಿ ಮಾತಿಗೆ ಹಾಗೆ ಕರೀತಿದ್ದೆ ಸಾರ್. ಅವರು ನಮಗೆ ಏನೂ ಆಗಬೇಕಿಲ್ಲ."

ಅಷ್ಟು ಹೇಳಿ ಹೊರಗೆ ಬಂದಾಗ ಅವಳಿಗೆ ನಿಜವಾಗಿ ಸಮಾಧಾನವೇ ಆಯಿತು. ಮೂವರೂ ಹೊರಗಿದ್ದೇವೆ, ಮಗಳು ಮನೆಯಲ್ಲಿದ್ದಾಳೆ, ಇನ್ನೇನು ಬೇಕು ಎಂದುಕೊಂಡಳು. ಭಾವ ಬೇರೆ ದಿಕ್ಕಿಗೆ ನಡೆದುಹೋದರು. ಮೊದಲೆಲ್ಲ ಬೀದಿಯಲ್ಲಿ ಹೋಗುವಾಗ ಅಕ್ಕನಿಗಿಂತ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತು ಕಾಯುವ ಅಭ್ಯಾಸ ಅವರಿಗೆ. ಅಂದು ನಿಲ್ಲಲಿಲ್ಲ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಗಡಿಯಾರದ ಅಂಗಡಿ ತೆರೆಯಲಿಲ್ಲ. ಪಕ್ಕದ ಟೀ ಅಂಗಡಿಯವನು ಬಾಗಿಲು ಒಡೆದು ನೋಡಿದ. ಭಾವ ಹಾಸಿಗೆಯಿಂದ ಅರ್ಧ ಕೆಳಗೆ ಬಿದ್ದಿದ್ದರು, ಉಸಿರು ಇನ್ನೂ ಆಡುತ್ತಿತ್ತು. ಮಾತ್ರೆಯ ಡಬ್ಬಿ ಮಂಚದ ಕೆಳಗೆ ಉರುಳಿತ್ತು. ಅವನೇ ಗಾಡಿಗೆ ಹಾಕಿ ಆಸ್ಪತ್ರೆಗೆ ಸಾಗಿಸಿ, ಆಮೇಲೆ ಇಸ್ತ್ರಿ ಅಂಗಡಿಗೆ ಓಡಿಬಂದ. ಅಕ್ಕತಂಗಿ ಹೇಗೆ ಆಸ್ಪತ್ರೆ ಮುಟ್ಟಿದರೋ ಅವರಿಗೇ ಗೊತ್ತಿಲ್ಲ.

ಗಂಡಸರ ವಾರ್ಡಿನ ಬಾಗಿಲಲ್ಲಿ ಅವರನ್ನು ತಡೆದರು. ಹೊಸ ಕಾಯ್ದೆ ಆಸ್ಪತ್ರೆಗೂ ಬಂದಿತ್ತು. ತಾಯಿ, ಹೆಂಡತಿ, ಒಡಹುಟ್ಟಿದವಳು, ಮಗಳು, ಇವರನ್ನು ಬಿಟ್ಟು ಬೇರೆ ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ಒಳಗೆ ಹೋದವರು ಏನಾಗಬೇಕು ಎಂದು ಬರೆದು ಬೀದಿಯ ಸಮಿತಿಗೆ ಕಳಿಸುತ್ತಾರೆ. ಇಬ್ಬರೂ ವರಾಂಡದ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಮೇಷ್ಟ್ರೂ ಬಂದರು. ಕೈಯಲ್ಲಿ ಹಣ್ಣಿನ ಚೀಲವಿತ್ತು. ಎದುರಿನ ಬೆಂಚಿನ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡರು.

"ಪಾಪ, ಒಳ್ಳೇ ಮನುಷ್ಯ" ಎಂದರು. "ನೀನು ಹೇಳಿದ ಮಾತಿಗೆ ಚ್ಯುತಿ ಬರಬಾರದಲ್ಲಮ್ಮ, ಅದಕ್ಕೇ ನಾನೂ ಬಂದೆ."

ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಈ ಮನುಷ್ಯ ಕೊನೆಯವರೆಗೂ ಇಲ್ಲೇ ಕೂರುತ್ತಾರೆ ಎಂದು ಇಸ್ತ್ರಿಯಮ್ಮನಿಗೆ ಗೊತ್ತಾಯಿತು. ಅಕ್ಕ ವಾರ್ಡಿನ ಬಾಗಿಲು ತೆರೆದಾಗೆಲ್ಲ ಕತ್ತು ಚಾಚುವಳು, ಮುಚ್ಚಿದಾಗ ಮತ್ತೆ ಹಿಂದಕ್ಕೆ ಒರಗುವಳು. ಇಸ್ತ್ರಿಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು, ಹಾಕಿದ ಲೆಕ್ಕವನ್ನು ತಾನೇ ಅಳಿಸಿದಳು, ಕೊನೆಗೆ ಒಂದು ತೀರ್ಮಾನಕ್ಕೆ ಬಂದಳು. ಆದದ್ದಾಗಲಿ, ಹೇಳಿಬಿಡುತ್ತೇನೆ. ಇಷ್ಟು ದಿನ ಬೇಡದ್ದನ್ನೆಲ್ಲ ಆಡಿದ ಬಾಯಿ ಇದು, ಬೇಕಾದ ಒಂದು ಮಾತನ್ನು ಆಡಿಯೇ ಜೈಲಿಗೆ ಹೋಗಲಿ.

ಅಷ್ಟರಲ್ಲಿ ವಾರ್ಡಿನ ಹುಡುಗ ಹೊರಗೆ ಬಂದ.

"ಗಡಿಯಾರದವರ ಕಡೆಯವರು ಯಾರಾದ್ರೂ ಇದೀರಾ? ಅವಳು ಬಂದ್ಲಾ, ಅವಳು ಬಂದ್ಲಾ ಅಂತ ಕೇಳ್ತಾನೇ ಇದಾರೆ. ತುಂಬಾ ಹೊತ್ತು ಇರೋ ಹಾಗೆ ಕಾಣಲ್ಲ. ಹೆಂಡ್ತಿ ಇದ್ರೆ ಬರ್ಬೋದು."

ಇಸ್ತ್ರಿಯಮ್ಮ ಎದ್ದಳು. ಎದ್ದವಳ ಕೈಯನ್ನು ಅಕ್ಕ ಹಿಡಿದಳು. ಮುದುಕಿಯ ಕೈಯಲ್ಲಿ ಅಷ್ಟು ಬಲವಿರುತ್ತದೆಂದು ಯಾರೂ ಅಂದುಕೊಳ್ಳಲಾರರು, ತಂಗಿ ಧೊಪ್ಪನೆ ಬೆಂಚಿನ ಮೇಲೆ ಕೂತಳು. ಅಕ್ಕ ಆ ಹುಡುಗನ ಮುಖ ನೋಡಿ, ಎದುರಿನ ಬೆಂಚಿಗೂ ಕೇಳಿಸುವ ಹಾಗೆ ಹೇಳಿದಳು.

"ಯಾರೂ ಇಲ್ಲಪ್ಪ. ನಾವು ಬೇರೆಯವರನ್ನ ನೋಡೋಕೆ ಬಂದೋರು."

ಹುಡುಗ ಒಳಗೆ ಹೋದ. ಮೇಷ್ಟ್ರು ನಿಟ್ಟುಸಿರು ಬಿಟ್ಟು ಹಣ್ಣಿನ ಚೀಲವನ್ನು ಪಕ್ಕಕ್ಕಿಟ್ಟರು. ಇಸ್ತ್ರಿಯಮ್ಮ ಕೈ ಬಿಡಿಸಿಕೊಂಡು ಮತ್ತೆ ಏಳಲು ನೋಡಿದಳು. ಅಕ್ಕ ಅವಳ ಕಿವಿಯ ಹತ್ತಿರ ಬಗ್ಗಿದಳು.

"ಸುಮ್ನೆ ಕೂತ್ಕೋ. ನೀನು ಜೈಲಿಗೆ ಹೋದ್ರೆ ಮಗೂನ ಸರ್ಕಾರದವರು ಕರ್ಕೊಂಡು ಹೋಗ್ತಾರೆ. ನಾಳೆ ಇವರು ಎದ್ದು ಬಂದು ಮಗು ಎಲ್ಲಿ ಅಂತ ಕೇಳಿದ್ರೆ ನಾನೇನು ಹೇಳ್ಲಿ?"

ಬಾಗಿಲ ಸಂದಿನಿಂದ ಒಳಗಿನ ದನಿ ಕೇಳಿಸಿತು, ಬಂದ್ಲಾ ಎಂದು. ಸ್ವಲ್ಪ ತಡೆದು ಇನ್ನೊಂದು ಸಲ ಕೇಳಿಸಿತು. ಅಕ್ಕ ನೆಟ್ಟಗೆ ಕೂತಿದ್ದಳು, ತಂಗಿಯ ಕೈಯನ್ನು ಬಿಡಲಿಲ್ಲ. ಆಮೇಲೆ ದನಿ ಬರಲಿಲ್ಲ.